ಎಡಗಡೆಯ ಸೀಟು

8 ಜುಲೈ 2003, ಮಂಗಳವಾರ

ಮದುವೆಯಾದ ಹೊಸದರಲ್ಲಿ ದಿನಾ ಡೈರಿ ಬರೆಯುತ್ತಿದ್ದೆ. ಆಮೇಲೆ ಬಿಟ್ಟುಹೋಯಿತು. ಇವತ್ತು ಕಣ್ಣಿನ ಆಸ್ಪತ್ರೆಯಿಂದ ಬಂದವಳೇ, ಇವರ ಬ್ಯಾಂಕಿನಲ್ಲಿ ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿಯನ್ನು ಬೀರುವಿನಿಂದ ಎಳೆದೆ. ಕನ್ನಡದಲ್ಲಿ ಬರೆದರೆ ಈ ಮನೆಯಲ್ಲಿ ಓದುವವರಿಲ್ಲ. ಇವರ ಮನೆತನ ಮದರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ಮಾತು ಕನ್ನಡ, ಓದು ಬರಹ ತಮಿಳು. ನಂಜನಗೂಡಿನಲ್ಲಿ ಕಲಿತ ಅಕ್ಷರ ಐವತ್ತೊಂದನೆಯ ವಯಸ್ಸಿನಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.

ವಿಷಯ ಇಷ್ಟು. ಬಲಗಣ್ಣಿನ ಹಿಂದಿನ ಪರದೆ ನೀರು ತುಂಬಿ ಊದಿಕೊಂಡಿದೆ. ಸಕ್ಕರೆ ಕಾಯಿಲೆಯಿಂದ. ಎಡಗಣ್ಣು ಎರಡು ವರ್ಷದ ಹಿಂದೆಯೇ ಒಳಗೆ ರಕ್ತ ಸೋರಿ ಹಾಳಾಯಿತು. ಅದರಲ್ಲಿ ಬೆಳಕು ತಿಳಿಯುತ್ತದೆ, ಅಷ್ಟೇ. ಇಷ್ಟು ದಿನ ಒಂದು ಕಣ್ಣಿನಲ್ಲೇ ಕಾಲ ಹಾಕಿದೆ. ಈಗ ಅದರಲ್ಲೂ ನಟ್ಟನಡುವೆ ಮಸಿಬಟ್ಟೆ ಅಂಟಿಸಿದ ಹಾಗಿದೆ. ಬಸ್ಸು ಕಾಣುತ್ತದೆ, ನಂಬರು ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಲೇಸರಿಗೆ ಊತ ಬಗ್ಗಲಿಲ್ಲ, ಹೊಸದಾಗಿ ಒಂದು ಇಂಜೆಕ್ಷನ್ ಕೊಡುತ್ತಿದ್ದೇವೆ, ಸ್ಟೀರಾಯ್ಡ್, ಕಣ್ಣಿನೊಳಕ್ಕೇ ಚುಚ್ಚುವುದು ಎಂದರು. ಊತ ಇಳಿಯುತ್ತದೆ, ಆದರೆ ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ. "ಏರಿದ್ದು ನಿಮಗೆ ತಿಳಿಯೋದಿಲ್ಲಮ್ಮ. ನಾವು ಅಳೆದರೇ ತಿಳಿಯೋದು. ಕರೆದ ದಿನ ತಪ್ಪದೆ ಬರಬೇಕು," ಎಂದು ತಮಿಳಿನಲ್ಲಿ ಎರಡು ಸಲ ಹೇಳಿದರು. ಆಮೇಲೆ, "ಗಾಡಿ ಓಡಿಸ್ತೀರಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಸುಳ್ಳಲ್ಲ. ನಾನು ಓಡಿಸುವುದಿಲ್ಲ, ಓಡಿಸುವವರ ಎಡಗಡೆ ಕೂರುತ್ತೇನೆ. ಪದ್ಮನಾಭನ ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಂಗಸರಿಗೆ ಕಾರು ಕಲಿಸುತ್ತಿದ್ದೇನೆ. ನನ್ನ ಕಾಲಡಿಯಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ. ಅದನ್ನು ಡಾಕ್ಟರಮ್ಮ ಕೇಳಲಿಲ್ಲ.

11 ಜುಲೈ, ಶುಕ್ರವಾರ

ಆಯಿತು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದ ಹಾಗೆ ಒಂದು ತಂತಿ ಸಿಕ್ಕಿಸಿ, "ಮೇಲೆ ನೋಡಿ" ಎಂದರು. ಚುಚ್ಚಿದ್ದು ನೋಯಲಿಲ್ಲ, ಒತ್ತಿದ್ದು ತಿಳಿಯಿತು. ಮರುಗಳಿಗೆ ಕಣ್ಣೊಳಗೆ ಊದುಬತ್ತಿಯ ಹೊಗೆಯಂಥ ಎಳೆಗಳು ಸುಳಿದಾಡಿದವು. ಔಷಧಿಯ ಪುಡಿಯಂತೆ ಅದು. ತಿಂಗಳುಗಟ್ಟಲೆ ಒಳಗೇ ಇದ್ದು ನಿಧಾನವಾಗಿ ಕರಗುತ್ತದಂತೆ.

ಇವರು ರಜ ಹಾಕಿ ಜೊತೆಗೆ ಬಂದಿದ್ದರು. ಆಟೋದಲ್ಲಿ ಬರುವಾಗ, "ಪದ್ಮನಾಭನ್ಗೆ ಹೇಳ್ಬಿಡು ಗೋದಾ. ಒಂದ್ ಮೂರ್ ತಿಂಗ್ಳು ಬಿಟ್ಬಿಡು," ಎಂದರು.

"ಜ್ವರ ಅಂತ ಹೇಳಿದೀನಿ. ಸೋಮವಾರ ಹೋಗ್ತೀನಿ."

ಇವರು ಸುಮ್ಮನಾದರು. ಮೂವತ್ತು ವರ್ಷದಿಂದ ನನ್ನ ಮಾತಿಗೆ ಇವರು ಕೊಡುವ ಉತ್ತರ ಇದೇ.

18 ಜುಲೈ, ಶುಕ್ರವಾರ

ಹಳದಿ ಹನಿ ಹಾಕಿ, ನೀಲಿ ದೀಪವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದು ಒತ್ತಡ ಅಳೆದರು. ಹದಿನಾರು. ಇಪ್ಪತ್ತೊಂದರವರೆಗೆ ಭಯವಿಲ್ಲವಂತೆ. ಮೂರು ವಾರ ಬಿಟ್ಟು, ಆಗಸ್ಟ್ ಎಂಟಕ್ಕೆ ಬರಬೇಕೆಂದು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು.

26 ಜುಲೈ, ಶನಿವಾರ

ಬಸ್ಸಿನ ನಂಬರು ಕಾಣಿಸಿತು. ತಿರುಮಂಗಲದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಎದುರಿನ ಬಸ್ಸಿನ ನಂಬರನ್ನು ಓದಿದೆ, ಅದರ ಹಿಂದಿನದನ್ನೂ ಓದಿದೆ. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದ ಹುಡುಗಿ ನಾನೇಕೆ ಬಸ್ಸುಗಳನ್ನು ಲೆಕ್ಕ ಹಾಕುತ್ತಿದ್ದೇನೆ ಎಂದು ನೋಡುತ್ತಿದ್ದಳು.

ಸಂಜೆ ಇವರು ಪೇಪರು ಓದುತ್ತಿದ್ದಾಗ ಎದುರಿಗೆ ಕೂತು ಮುಖ ನೋಡಿದೆ. ಹುಬ್ಬು ಪೂರ್ತಿ ಬೆಳ್ಳಗಾಗಿದೆ. ಯಾವಾಗ ಆಯಿತೋ.

8 ಆಗಸ್ಟ್, ಶುಕ್ರವಾರ

ಹೋಗಲಿಲ್ಲ. ಇವತ್ತು ನಾಲ್ಕು ಜನರ ಹೊಸ ಬ್ಯಾಚು. ಆಸ್ಪತ್ರೆಗೆ ಹೋದರೆ ಇಡೀ ದಿನ ಹಾಳು, ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಮರುದಿನವೂ ಹಾಳು. ಕಣ್ಣು ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸುತ್ತೇನೆ. ಚೆನ್ನಾಗಿರುವುದನ್ನು ಅಳೆಸಿಕೊಂಡು ಏನಾಗಬೇಕು? ಅಲ್ಲಿ ಕೂತರೆ ಕೆಲಸ ಏನು, ಮನೆಯಲ್ಲಿ ಯಾರಿದ್ದಾರೆ ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ.

ಬರುವ ವಾರ ನೋಡೋಣ.

1 ಸೆಪ್ಟೆಂಬರ್, ಸೋಮವಾರ

ಹೊಸದಾಗಿ ಒಬ್ಬಳು ಸೇರಿದ್ದಾಳೆ, ನಂದಿತಾ. ಮಂಡ್ಯದ ಕಡೆಯವಳು. ಗಂಡ ಪ್ರತಾಪ್ ಅಂಬತ್ತೂರಿನ ಕಾರ್ಖಾನೆಯಲ್ಲಿ ಎಂಜಿನಿಯರು. ಮಗಳು ಒಂದನೆಯ ಕ್ಲಾಸು. ನಾನು ಕನ್ನಡದವಳೆಂದು ತಿಳಿದು ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಇಲ್ಲಿಗ್ ಬಂದು ಎಂಟ್ ತಿಂಗ್ಳಾಯ್ತು ಮೇಡಂ. ಆಟೋದವ್ರು ಏನಂತಾರೋ ಒಂದೂ ತಿಳಿಯಲ್ಲ. ನಾನೇ ಕಾರ್ ಕಲ್ತ್ಬುಟ್ರೆ ಯಾರ್ ಜೊತೇನೂ ಮಾತಾಡಂಗೇ ಇಲ್ವಲ್ಲ," ಎಂದಳು.

ಕಾರು ಕಲಿಯಲು ಇಂಥ ಕಾರಣವನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಕೈ ನಡುಗುತ್ತದೆ, ಆದರೆ ಕಣ್ಣು ಚುರುಕು.

ಟ್ಯೂಬ್‌ಲೈಟಿನ ಸುತ್ತ ಬಣ್ಣದ ಬಳೆ ಕಾಣುತ್ತದೆ. ಹಳೇ ಟ್ಯೂಬು. ಬದಲಾಯಿಸಲು ಇವರಿಗೆ ಹೇಳಬೇಕು.

12 ಸೆಪ್ಟೆಂಬರ್, ಶುಕ್ರವಾರ

ಈ ಊರಿನ ಜನಕ್ಕೆ ಏನಾಗಿದೆಯೋ. ಸೈಕಲ್ಲಿನವರು ನೆಲದಿಂದ ಹುಟ್ಟಿದ ಹಾಗೆ ಎದ್ದು ಬರುತ್ತಾರೆ. ಮೂರು ದಿನದಲ್ಲಿ ಮೂರು ಸಲ ಕೊನೆಯ ಗಳಿಗೆಯಲ್ಲಿ ಬ್ರೇಕು ತುಳಿದಿದ್ದೇನೆ. ಮೊದಲು ಹೀಗಿರಲಿಲ್ಲ. ನಲ್ಲಿಯಲ್ಲಿ ನೀರು ನಿಂತ ಮೇಲೆ ರಸ್ತೆಯ ತುಂಬ ನೀರಿನ ಲಾರಿಗಳು, ಅವುಗಳ ಹಿಂದೆ ಕೊಡ ಹಿಡಿದು ಓಡುವ ಹೆಂಗಸರು. ಯಾರಿಗೂ ಪಕ್ಕಕ್ಕೆ ನೋಡುವ ವ್ಯವಧಾನವಿಲ್ಲ.

ಮನೆಗೆ ಬಂದರೆ ಇಲ್ಲೂ ಅದೇ. ಕೆಲಸದವಳು ಬಕೆಟ್ಟನ್ನು ದಾರಿಯಲ್ಲೇ ಇಟ್ಟು ಹೋಗುತ್ತಾಳೆ. ಕಾಫಿಯ ಲೋಟಕ್ಕೆ ಕೈ ತಗಲಿ ಉರುಳಿತು, ಈ ವಾರದಲ್ಲಿ ಎರಡನೆಯ ಸಲ. ಇವರು ಬೆಕ್ಕಿನ ಹಾಗೆ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಕೆಮ್ಮಿಕೊಂಡು ಬನ್ನಿ ಎಂದು ಹೇಳಿದ್ದೇನೆ.

ಬೆಳಗ್ಗೆ ಎದ್ದರೆ ಹುಬ್ಬಿನ ಮೇಲೆ ಮಂದ ನೋವು. ಹತ್ತು ಗಂಟೆಗೆ ಸರಿಹೋಗುತ್ತದೆ. ಬಿಸಿಲು.

20 ಸೆಪ್ಟೆಂಬರ್, ಶನಿವಾರ

ನಂದಿತಾ ಎರಡನೆಯ ಗೇರಿನಿಂದ ಮೂರಕ್ಕೆ ಎಳೆದಾಟವಿಲ್ಲದೆ ಹಾಕಿದಳು. ಚೆನ್ನಾಗಿ ಮಾಡಿದೆ ಎನ್ನಬೇಕಿತ್ತು. ಏಕೋ ಸಿಡುಕಿದೆ. ಈಚೆಗೆ ಬಾಯಿಗೆ ಬರುವುದೆಲ್ಲ ಸಿಡುಕೇ.

ಆಸ್ಪತ್ರೆಯ ಚೀಟಿ ದೇವರ ಗೂಡಿನಲ್ಲಿ ಬಿದ್ದಿತ್ತು. ಇವರೇ ಅಲ್ಲಿಟ್ಟಿರಬೇಕು. ಎತ್ತಿ ಡ್ರಾಯರಿಗೆ ಹಾಕಿದೆ.

25 ಸೆಪ್ಟೆಂಬರ್, ಗುರುವಾರ

ಇವತ್ತು ಒಂದು ರಗಳೆ. ರೌಂಡ್‌ಟಾಣದ ಸರ್ಕಲ್ಲಿನ ಹತ್ತಿರ ಎಡಗಡೆ ನೀರಿನ ಲಾರಿ ನಿಂತಿತ್ತು, ಹೆಂಗಸರು ಕಿಕ್ಕಿರಿದಿದ್ದರು. ಎದುರಿನ ರಸ್ತೆ ಖಾಲಿ. "ಹೋಗು, ಹೋಗು," ಎಂದೆ ನಂದಿತಾಳಿಗೆ. ಅವಳು ಇದ್ದಕ್ಕಿದ್ದ ಹಾಗೆ ಬ್ರೇಕು ತುಳಿದಳು. ಗಾಡಿ ಜಗ್ಗಿ ಆಫಾಯಿತು. ನನ್ನ ತಲೆ ಮುಂದಕ್ಕೆ ಹೋಗಿ ಬಂತು. ಹಿಂದಿನ ಆಟೋದವನು ಬಾಯಿಗೆ ಬಂದಂತೆ ಬೈದ. ಹಿಂದಕ್ಕೆ ತಿರುಗಿ ಅವನನ್ನು ನೋಡಿ, ಆಮೇಲೆ ಇವಳ ಕಡೆ ತಿರುಗಿದೆ.

"ಏನು ಮಾಡಿದೆ?" ಎಂದೆ.

"ಅಜ್ಜಿ ಅಡ್ಡ ಬಂದ್ಬುಟ್ರು ಮೇಡಂ."

"ಯಾವ ಅಜ್ಜಿ?"

"ಕೊಡ ಹಿಡ್ಕಂಡಿದ್ರಲ್ಲ. ಈ ಕಡೆಯಿಂದ ಬಂದು ಆ ಕಡೆಗೆ ಹೋದ್ರು."

ತಿರುಗಿ ನೋಡಿದೆ. ರಸ್ತೆಯ ಎರಡು ಕಡೆಯೂ ಕೊಡ ಹಿಡಿದ ಹೆಂಗಸರೇ. ಯಾವ ಅಜ್ಜಿ ಎಂದು ಹುಡುಕುವುದು? ನನಗೆ ರೇಗಿತು.

"ಯಾರೂ ಬರಲಿಲ್ಲ. ಲಾರಿಯ ಹಿಂದೆ ನಿಂತವರನ್ನು ನೋಡಿ ಬೆದರಿದ್ದೀಯ. ನಾನಿಲ್ಲಿ ಕೂತಿಲ್ಲವೇ? ಬಂದಿದ್ದರೆ ನಿನಗಿಂತ ಮೊದಲು ನಾನು ಬ್ರೇಕು ಹಾಕುತ್ತಿದ್ದೆ."

"ಇದ್ರು ಮೇಡಂ."

"ನೆರಳು ಕಂಡರೆ ಬ್ರೇಕು ತುಳಿಯುವವರು ರಸ್ತೆಗೆ ಬರಬಾರದು. ಹಿಂದಿನವರು ಬಂದು ಗುದ್ದುತ್ತಾರೆ."

ಅವಳು ಸ್ಟೀರಿಂಗ್ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಇರ್ಲಿಲ್ವೇನೋ," ಎಂದಳು. 

ಸ್ಕೂಲಿನ ಮುಂದೆ ಇಳಿದಾಗ ನೋಡಿದೆ, ಬಾನೆಟ್ಟಿನ ಮೇಲೆ ನೀರು ಚೆಲ್ಲಿತ್ತು. ಲಾರಿಯಿಂದ ಸಿಡಿದಿರಬೇಕು.

30 ಸೆಪ್ಟೆಂಬರ್, ಮಂಗಳವಾರ

ನಂದಿತಾ ನಾಲ್ಕು ದಿನದಿಂದ ಬಂದಿಲ್ಲ. ಇವತ್ತು ಪ್ರತಾಪ್ ಫೋನ್ ಮಾಡಿದರು. "ಅವ್ಳು ಮುಂದಕ್ಕೆ ಬರಲ್ಲ ಅಂತಿದಾಳೆ ಮೇಡಂ. ಏನೇನೋ ಇಲ್ದೇ ಇರೋದೆಲ್ಲ ಕಾಣುತ್ತಂತೆ ರೋಡ್ನಲ್ಲಿ. ಕಲಿಯೋ ಯೋಗ್ಯತೆ ನಂಗಿಲ್ಲ ಅಂತಾಳೆ," ಎಂದರು.

ಕೆಲವರಿಗೆ ಬರುವುದಿಲ್ಲ, ಬಲವಂತ ಮಾಡಬೇಡಿ ಎಂದೆ. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋದೆ, ಅಲ್ಲಿಂದ ಬಾಲ್ಕನಿಗೆ ಬಂದೆ, ಮತ್ತೆ ಅಡುಗೆಮನೆಗೆ ಹೋದೆ. ಏತಕ್ಕೆ ಹೋದೆನೆಂದು ನೆನಪಾಗಲಿಲ್ಲ.

ಲಾರಿ ನಿಂತಿದ್ದದ್ದು ಎಡಗಡೆ. ನೀರು ಚೆಲ್ಲಿದ್ದದ್ದು ಬಾನೆಟ್ಟಿನ ಮಧ್ಯದಲ್ಲಿ.

4 ಅಕ್ಟೋಬರ್, ಶನಿವಾರ. ಆಯುಧಪೂಜೆ

ಪೂಜೆಗೆ ನಾಲ್ಕು ಕಾರುಗಳನ್ನೂ ಸಾಲಾಗಿ ನಿಲ್ಲಿಸಬೇಕಿತ್ತು. ನನ್ನ ಗಾಡಿಯನ್ನು ನಾನೇ ಒಳಗೆ ತಂದೆ. ಗೇಟಿನ ಕಂಬಕ್ಕೆ ಎಡಬದಿ ಉಜ್ಜಿ ಬಾಗಿಲಿನುದ್ದಕ್ಕೂ ಗೀರಾಯಿತು. ಪದ್ಮನಾಭ ನಕ್ಕ. "ಏನ್ ಮಾಮಿ, ನಿಮ್ಗೂ ಒಬ್ರು ಕಲಿಸ್ಬೇಕಾ?"

ಎಲ್ಲರೂ ನಕ್ಕರು. ನಾನೂ.

12 ಅಕ್ಟೋಬರ್, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮನೆ ತೀರ ನಿಶ್ಶಬ್ದವಾಗಿತ್ತು. ಇವರೆಲ್ಲಿ ಹೋದರೆಂದು, "ಕೇಳಿಸ್ತಾ? ಎಲ್ಲಿದೀರಿ?" ಎಂದು ಕೂಗಿದೆ.

"ಇಲ್ಲೇ ಇದೀನಲ್ಲ ಗೋದಾ," ಎಂದು ಪಕ್ಕದಿಂದಲೇ ದನಿ ಬಂತು. "ಆಗ್ಲಿಂದ ನಿನ್ ಜೊತೆ ಕಾಯಿ ಸುಲೀತಾ ಇದೀನಿ."

ಕತ್ತು ಪೂರ್ತಿ ತಿರುಗಿಸಿದೆ. ಎಡಗಡೆ, ಒಂದು ಮೊಳ ದೂರದಲ್ಲಿ ಕೂತಿದ್ದರು. ಮಡಿಲಿನಲ್ಲಿ ಸಿಪ್ಪೆಯ ರಾಶಿ.

 ಎದ್ದು ಗೋಡೆಯ ಕ್ಯಾಲೆಂಡರಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಬಿಳಿ ಟವೆಲು ಹಿಡಿದು ಎಡಗಡೆಯಿಂದ ನಿಧಾನವಾಗಿ ಮುಂದಕ್ಕೆ ಬನ್ನಿ, ನಾನು ಕಂಡಿತು ಅಂದಾಗ ನಿಲ್ಲಿ ಎಂದು ಇವರಿಗೆ ಹೇಳಿದೆ. ಕ್ಯಾಲೆಂಡರಿನ ತಾರೀಕನ್ನೇ ನೋಡುತ್ತಾ ಕೂತೆ. ತಾರೀಕು ಸ್ಪಷ್ಟವಾಗಿತ್ತು, ಅದರ ಕೆಳಗಿನ ಸಣ್ಣಕ್ಷರದ ತಿಥಿಯೂ ಸ್ಪಷ್ಟವಾಗಿತ್ತು. ಇವರ ಹೆಜ್ಜೆಯ ಸದ್ದು ಬರುತ್ತಿತ್ತು, ಟವೆಲು ಬರಲಿಲ್ಲ.

"ಬನ್ನಿ ಅಂದೆನಲ್ಲ."

"ಬರ್ತಾ ಇದೀನಿ."

"ಇನ್ನೂ ಬನ್ನಿ."

ಟವೆಲು ಕಂಡಾಗ ಇವರು ಹೆಚ್ಚುಕಡಿಮೆ ನನ್ನ ಎದುರಿಗೇ ಬಂದಿದ್ದರು.  ಇನ್ನೊಂದು ಸಲ ಮಾಡಿ ಎಂದೆ. ಮಾಡಿದರು. ಮೂರನೆಯ ಸಲಕ್ಕೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತೀವಿ. ನಿನ್ನ ಕೇಳ್ತಾ ಇಲ್ಲ, ಹೇಳ್ತಾ ಇದೀನಿ," ಎಂದರು. ಇವರ ಬಾಯಿಂದ ಇಂಥ ಮಾತು ಮೊದಲ ಸಲ ಕೇಳಿದೆ.

ಕೊಡ ಹಿಡಿದ ಆ ಅಜ್ಜಿ ಇದ್ದಳು.

13 ಅಕ್ಟೋಬರ್, ಸೋಮವಾರ

ನಲವತ್ತನಾಲ್ಕು.

ಡಾಕ್ಟರಮ್ಮ ಮತ್ತೊಂದು ಸಲ ಅಳೆದರು. ನಲವತ್ತನಾಲ್ಕೇ. ತಕ್ಷಣ ಒಂದು ಮಾತ್ರೆ ನುಂಗಿಸಿ, ಮೂರು ಬಗೆಯ ಹನಿ ಹಾಕಿ, ಎರಡು ಗಂಟೆ ಕೂರಿಸಿದರು. ಆಮೇಲೆ ಬೋಗುಣಿಯಂಥ ಯಂತ್ರದೊಳಗೆ ಮುಖವಿಡಿಸಿ, ಚುಕ್ಕಿ ಬೆಳಗಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಕಂಡ ಚುಕ್ಕಿಗೆಲ್ಲ ಒತ್ತಿದೆ. ಚೆನ್ನಾಗಿ ಮಾಡಿದೆ ಎಂದೇ ಅನ್ನಿಸಿತು. ಹೊರಬಂದ ಕಾಗದದಲ್ಲಿ ಎಡಭಾಗ ಪೂರ್ತಿ ಕಪ್ಪು. ಅಷ್ಟು ಚುಕ್ಕಿಗಳು ಬೆಳಗಿದ್ದೇ ನನಗೆ ಗೊತ್ತಾಗಿಲ್ಲ.

ಇಂಜೆಕ್ಷನ್ ಊತವನ್ನು ಇಳಿಸಿತು, ಒತ್ತಡವನ್ನು ಏರಿಸಿತು. ಏರಿದ ಒತ್ತಡ ಕಣ್ಣಿನ ನರವನ್ನು ಹಿಸುಕಿದೆ. ಬಲಗಣ್ಣಿನಲ್ಲಿ ಮೂಗಿನ ಕಡೆಯ ನೋಟ, ಎಂದರೆ ನನ್ನ ಎಡಗಡೆಯದು, ಹೋಗಿದೆ.

"ಬರುತ್ತಾ?" ಎಂದರು ಇವರು.

"ಹೋದದ್ದು ಬರೋದಿಲ್ಲ ಸಾರ್. ಇರೋದನ್ನ ಉಳಿಸಿಕೊಳ್ಳೋಣ," ಎಂದು ನನ್ನ ಕಡೆ ತಿರುಗಿ, "ಆಗಸ್ಟ್ ಎಂಟಕ್ಕೆ ಬಂದಿದ್ದರೆ ಹನಿಯಲ್ಲೇ ತಡೀಬಹುದಿತ್ತಮ್ಮ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದ್ದು ಬಾಗಿಲವರೆಗೆ ಹೋದವಳು ವಾಪಸು ಬಂದೆ. ಗಾಡಿ ಓಡಿಸ್ತೀರಾ ಎಂದು ಕೇಳಿದ್ದಿರಲ್ಲ, ನನ್ನ ಕೆಲಸ ಇದು ಎಂದು ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.  "ಯಾರಿಗೂ ಏನೂ ಆಗಿಲ್ಲ ತಾನೇ?" ಎಂದರು.

"ಇಲ್ಲ" ಎನ್ನಲು ಹೋಗಿ ನಿಲ್ಲಿಸಿದೆ.

14 ಅಕ್ಟೋಬರ್, ಮಂಗಳವಾರ

ಪದ್ಮನಾಭನಿಗೆ ಹೇಳಿದೆ. ಎಡಗಣ್ಣಿನದನ್ನೂ ಹೇಳಿದೆ. ಅವನ ಮುಖ ಕೆಂಪಾಯಿತು. "ಎರಡ್ ವರ್ಷದಿಂದಾನಾ ಮಾಮಿ? ನನ್ ಹೆಂಡ್ತಿಗೂ ನೀವೇ ತಾನೆ ಕಲಿಸಿದ್ದು? ಅವ್ಳನ್ನ ಪೂಂದಮಲ್ಲಿ ರೋಡಿಗೆ ಕರ್ಕೊಂಡ್ ಹೋಗಿದ್ರಲ್ಲ, ಆವಾಗ್ಲೂನಾ?" ಹೌದೆಂದೆ. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

ಗಾಡಿಯ ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ಈಗ ಕಲಿಯುತ್ತಿದ್ದ ಏಳು ಜನರಿಗೂ ನಾನೇ ಫೋನ್ ಮಾಡಿ ಕಾರಣ ಹೇಳಿದೆ. ಆರು ಜನಕ್ಕೆ. ನಂದಿತಾಳ ನಂಬರು ಎರಡು ಸಲ ಒತ್ತಿ ಎರಡು ಸಲವೂ ಇಟ್ಟುಬಿಟ್ಟೆ.

ಮಾತ್ರೆಯಿಂದ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಗುತ್ತದೆ. ಒಂದು ಕಡೆ ಕೂರಲಾಗುವುದಿಲ್ಲ.

18 ಅಕ್ಟೋಬರ್, ಶನಿವಾರ

ನಂದಿತಾಳ ಮನೆಗೆ ಹೋಗಿದ್ದೆ. ಇವರು ಬರುತ್ತೇನೆಂದರು, ಬೇಡವೆಂದೆ. ರಸ್ತೆ ದಾಟುವಾಗ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಬೇಕು, ಅಭ್ಯಾಸವಾಗುತ್ತಿದೆ.

ಬಾಗಿಲು ತೆಗೆದದ್ದು ಪ್ರತಾಪ್. ನಂದಿತಾ ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲೇ ನಿಂತಳು. ಕೂರದೆ ಹೇಳಿದೆ. "ಅವತ್ತು ಅಜ್ಜಿ ಇದ್ದರು. ನಿನಗೆ ಕಂಡರು. ನನಗೆ ಕಾಣಲಿಲ್ಲ. ನೀನು ಮಾಡಿದ್ದು ಸರಿ. ತಪ್ಪು ನನ್ನದು."

ಕಣ್ಣಿನ ಕಥೆಯೆಲ್ಲ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ನಿಮ್ಗೆ ಗೊತ್ತಿತ್ತಾ ಮೇಡಂ, ಕಣ್ಣು ಹಿಂಗೈತೆ ಅಂತ?"

"ಪೂರ್ತಿ ಗೊತ್ತಿರಲಿಲ್ಲ."

"ಸ್ವಲ್ಪ?"

ಸುಳ್ಳು ಹೇಳಬಹುದಿತ್ತು. "ಸ್ವಲ್ಪ ಗೊತ್ತಿತ್ತು," ಎಂದೆ.

"ಅವತ್ತಿಂದ ರೋಡ್ ದಾಟೋವಾಗ ಮಗು ಕೈನ ನಾನು ಹಿಡ್ಕಳಲ್ಲ. ಇವ್ರಿಗ್ ಕೊಡ್ತೀನಿ. ಮೊನ್ನೆ ಕಣ್ ಡಾಕ್ಟ್ರತ್ರನೂ ಹೋಗ್ಬಂದೆ. ಕಣ್ಣು ಚೆನ್ನಾಗೈತೆ ಅಂದ್ರು. ಹಂಗಾದ್ರೆ ತಲೇಲೇ ಏನೋ ತೊಂದ್ರೆ ಅನ್ಕಂಡೆ." ಅವಳ ದನಿ ಏರಲಿಲ್ಲ. "ಕೊಡ ನಮ್ ಬಾನೆಟ್ಗೆ ತಾಗ್ತು ಮೇಡಂ. ಅಜ್ಜಿ ನನ್ ಮಖ ನೋಡಿದ್ರು. ಆ ಮಖ ನಂಗ್ ನೆನಪೈತೆ. ಆದ್ರೂ ನೀವ್ ಇಲ್ಲ ಅಂದಿದ್ಕೆ ಇಲ್ಲ ಅನ್ಕಂಡೆ. ನೀವ್ ಮೇಷ್ಟ್ರಲ್ವಾ."

 ಪ್ರತಾಪ್ ನೀರು ತಂದುಕೊಟ್ಟರು. ಕುಡಿದೆ. ನಂದಿತಾ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ನಾನೇ ಬಾಗಿಲು ಮುಂದಕ್ಕೆಳೆದುಕೊಂಡು ಬಂದೆ.

3 ನವೆಂಬರ್, ಸೋಮವಾರ

ಮೂವತ್ತೊಂದು. ಇನ್ನೂ ಇಳಿಯಬೇಕು. ಇಳಿಯದಿದ್ದರೆ ಆಪರೇಷನ್. ಔಷಧಿಯ ಪುಡಿ ಪೂರ್ತಿ ಕರಗಿದರೆ ಒತ್ತಡ ತಾನಾಗಿ ಇಳಿಯಬಹುದಂತೆ. ಆದರೆ ಕರಗಿದ ಮೇಲೆ ಊತ ಮತ್ತೆ ಬರಬಹುದಂತೆ. ಇರಲಿ ಎನ್ನಬೇಕೋ ಹೋಗಲಿ ಎನ್ನಬೇಕೋ ತಿಳಿಯದು.

ಬೆಳಗ್ಗೆ ಆರಕ್ಕೆ, ಎರಡಕ್ಕೆ, ಸಂಜೆ ಆರಕ್ಕೆ ಹನಿ. ಬೆಳಗ್ಗೆ, ಸಂಜೆ ಇವರೇ ಹಾಕುತ್ತಾರೆ, ಮಧ್ಯಾಹ್ನದ್ದು ನಾನೇ. ಬ್ಯಾಂಕಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಮಾಡಿ, "ಎರಡ್ ಗಂಟೆ," ಎಂದಷ್ಟೇ ಹೇಳಿ ಇಡುತ್ತಾರೆ.

17 ನವೆಂಬರ್, ಸೋಮವಾರ

ಇಪ್ಪತ್ತನಾಲ್ಕು.

ಸಂಜೆ ಫೋನ್ ಬಂತು. ನಂದಿತಾ. ಹೇಗಿದ್ದೀರಿ ಎಂದೇನೂ ಕೇಳಲಿಲ್ಲ. "ಮೇಡಂ, ಪದ್ಮನಾಭ ಸಾರ್ ನಂಗೆ ಮಿಕ್ಕಿದ್ ಕ್ಲಾಸ್ಗೆ ತಿರುಮಲ ಅಂತ ಒಬ್ರುನ್ನ ಕೊಟ್ಟವ್ರೆ. ಒಳ್ಳೆಯವ್ರು. ಆದ್ರೆ ಅವ್ರು ಹೇಳೋದ್ ಒಂದೂ ತಿಳಿಯಲ್ಲ. ಎಡಕ್ಕೆ ಅಂದ್ರೆ ನಾನ್ ಬಲಕ್ ತಿರುಗಿಸ್ತೀನಿ. ನೀವು ಹಿಂದಿನ್ ಸೀಟಲ್ ಕೂತ್ಕಂಡು ಅವ್ರು ಹೇಳಿದ್ದನ್ನ ಕನ್ನಡದಲ್ ಹೇಳ್ತೀರಾ?"

ಪದ್ಮನಾಭ ಒಪ್ಪಬೇಕಲ್ಲ ಎಂದೆ.

"ಕೇಳ್ದೆ. ಹೇಳೋದಾದ್ರೆ ಹೇಳ್ಲಿ, ಬ್ರೇಕ್ ಮುಟ್ಟಂಗಿಲ್ಲ ಅಂದ್ರು."

19 ನವೆಂಬರ್, ಬುಧವಾರ

ಹಿಂದಿನ ಸೀಟಿನಲ್ಲಿ ಕೂತಿದ್ದೆ. ತಿರುಮಲ "ಕ್ಲಚ್ಚೆ ಮೆದುವಾ ವಿಡುಂಗ" ಎಂದರೆ ನಾನು "ಕ್ಲಚ್ಚನ್ನು ಮೆಲ್ಲಗೆ ಬಿಡು" ಎನ್ನಬೇಕು. ಅಷ್ಟೇ. ಅವನು ಹೇಳದ್ದನ್ನು ಹೇಳಬಾರದು ಎಂದು ನಂದಿತಾ ಮೊದಲೇ ಷರತ್ತು ಹಾಕಿದ್ದಳು. ನಾಲ್ಕು ಸಲ ಬಾಯಿ ತೆರೆದು ಮುಚ್ಚಿಕೊಂಡೆ. ರಿವರ್ಸನ್ನು ಅವನು ಕಲಿಸುವ ರೀತಿ ನನ್ನದಲ್ಲ. ಆದರೆ ಅವಳಿಗೆ ಬಂತು.

ಒಂದು ಕಡೆ ಆಡು ಅಡ್ಡ ಬಂತಂತೆ. ಅವಳು ನಿಲ್ಲಿಸಿದಳು. ತಿರುಮಲ "ನಲ್ಲಾ ಪಾತ್ತೀಂಗ" ಎಂದ. ಚೆನ್ನಾಗಿ ನೋಡಿದೆ ಎನ್ನುತ್ತಿದ್ದಾರೆ ಎಂದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

2 ಡಿಸೆಂಬರ್, ಮಂಗಳವಾರ

ಪದ್ಮನಾಭ ಮನೆಗೆ ಬಂದಿದ್ದ. ವಾರಕ್ಕೆ ಎರಡು ದಿನ ಆಫೀಸಿನಲ್ಲಿ ಕೂತು ರಸ್ತೆಯ ನಿಯಮ, ಬೋರ್ಡುಗಳ ಅರ್ಥ ಹೇಳಿಕೊಡಿ ಎಂದ. ಅವನ ಸಿಟ್ಟು ಪೂರ್ತಿ ಇಳಿದಿಲ್ಲ, ಕಾಫಿಯನ್ನು ಅರ್ಧಕ್ಕೇ ಬಿಟ್ಟ. ಆಗಲಿ ಎಂದೆ. ಮೊದಲ ಪಾಠ ಯಾವುದೆಂದು ಕೇಳಿದ. ಲೈಸೆನ್ಸಿಗೆ ಮೊದಲು ಕಣ್ಣಿನ ಪರೀಕ್ಷೆ ಎಂದೆ. ಅವನು ನಗಲಿಲ್ಲ, ನಾನೂ ನಗಿಸಲು ಹೇಳಿರಲಿಲ್ಲ.

20 ಡಿಸೆಂಬರ್, ಶನಿವಾರ

ನಂದಿತಾಳಿಗೆ ಹೋದ ವಾರ ಲೈಸೆನ್ಸು ಸಿಕ್ಕಿತು. ಇವತ್ತು ನನ್ನ ಚೆಕಪ್ಪು. ಇವರಿಗೆ ಬ್ಯಾಂಕಿನಲ್ಲಿ ಆಡಿಟ್. ಒಬ್ಬಳೇ ಆಟೋದಲ್ಲಿ ಹೋಗುತ್ತೇನೆ ಎಂದಿದ್ದೆ. ಒಂಬತ್ತಕ್ಕೆ ಕೆಳಗಿನಿಂದ ಹಾರನ್ ಕೇಳಿಸಿತು. ಪ್ರತಾಪರ ಕಾರು, ಸ್ಟೀರಿಂಗಿನಲ್ಲಿ ನಂದಿತಾ. ಇವರು ಹೇಳಿರಬೇಕು. "ಆಟೋದವ್ರತ್ರ ನೀವ್ಯಾಕ್ ಮಾತಾಡ್ತೀರಿ, ಹತ್ತಿ ಮೇಡಂ," ಎಂದಳು.

ಹೋಗುವಾಗ ಅವಳಿಗೆ ಗೇರಿನ ಬಗ್ಗೆ ಎರಡು ಮಾತು ಹೇಳಿದೆ. ಎರಡಕ್ಕೂ ಅವಳು "ಹ್ಞೂ" ಎಂದಳು, ಎರಡನ್ನೂ ತನಗೆ ಬೇಕಾದ ಹಾಗೇ ಮಾಡಿದಳು.

ಒತ್ತಡ ಹದಿನೇಳು. ಆಪರೇಷನ್ ಸದ್ಯಕ್ಕೆ ಬೇಡ. ಕಪ್ಪು ಭಾಗ ಬೆಳೆದಿಲ್ಲ, ಕಡಿಮೆಯೂ ಆಗಿಲ್ಲ. ನಡುವೆ ಊತ ಸ್ವಲ್ಪ ಮರಳುತ್ತಿದೆ. ಬಸ್ಸಿನ ನಂಬರು ಮತ್ತೆ ಕಲೆಸಿದ ಹಾಗಿದೆ. ಇನ್ನೊಂದು ತಿಂಗಳು ನೋಡಿ ಮುಂದಿನದನ್ನು ಯೋಚಿಸೋಣ, ಈ ಇಂಜೆಕ್ಷನ್ನನ್ನಂತೂ ನಿಮಗೆ ಮತ್ತೆ ಕೊಡುವುದಿಲ್ಲ ಎಂದರು ಡಾಕ್ಟರಮ್ಮ. ಮುಂದಿನ ತಾರೀಕು ಜನವರಿ ಹತ್ತೊಂಬತ್ತು. ಹೊಸ ವರ್ಷದ ಕ್ಯಾಲೆಂಡರಿನ ಆ ಹಾಳೆಯನ್ನು ಈಗಲೇ ಮಡಿಸಿ ಗುರುತು ಹಾಕಿದ್ದೇನೆ.

ಬರುವಾಗ ದೊಡ್ಡ ಟ್ರಾಫಿಕ್ಕು. ಎಲ್ಲ ಕಡೆ ಹಾರನ್ನು. ನಂದಿತಾ ತನ್ನ ಮಗಳ ಸ್ಕೂಲಿನ ವಿಷಯ ಏನೋ ಹೇಳುತ್ತಿದ್ದಳು. ಆಮೇಲೆ ಏನೂ ನೆನಪಿಲ್ಲ. ಎಚ್ಚರವಾದಾಗ ಗಾಡಿ ನಮ್ಮ ಮನೆಯ ಮುಂದೆ ನಿಂತಿತ್ತು. ಎಂಜಿನ್ ಆರಿಸಿ, ಕಿಟಕಿಯ ಗಾಜು ಇಳಿಸಿ, ಅವಳು ಸುಮ್ಮನೆ ಕೂತಿದ್ದಳು.

"ಎಷ್ಟು ಹೊತ್ತಾಯಿತು ಬಂದು?"

"ಹತ್ ನಿಮ್ಷ. ಎಬ್ಬಿಸ್ಬೇಕು ಅನ್ನಿಸ್ಲಿಲ್ಲ."

ನನಗೇ ನಾಚಿಕೆಯಾಯಿತು. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ನಾನು ಕಣ್ಣು ಮುಚ್ಚಿದವಳೇ ಅಲ್ಲ. ಬೇರೆಯವರು ಓಡಿಸುವಾಗಲಂತೂ ಇಲ್ಲವೇ ಇಲ್ಲ. ಈ ಹನಿಗಳಿಂದ ಹೀಗೆ ನಿದ್ದೆ ಬರುತ್ತದೋ ಏನೋ. ಹತ್ತೊಂಬತ್ತಕ್ಕೆ ಹೋದಾಗ ಡಾಕ್ಟರಮ್ಮನನ್ನು ಕೇಳಬೇಕು.